ಬಂಡೆ ಏರುವ ಮಗನಿಗೆ ಎಂಥ ಬೂಟು?

ಕಳೆದ ತಿಂಗಳು ಇಳಕಲ್ಲಿನ ಓರ್ವ ಗೃಹಸ್ಥರಿಂದ ನಮಗೊಂದು ಕಾಗದ ಬಂದಿತು. ಅವರು ನೇಕಾರರು, ಮನೆಯಲ್ಲಿ ಎರಡು ಕುಣಿಮಗ್ಗಗಳುಂಟು. ಹಿರಿಯ ಮಗನು ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿರುವನು. ಎರಡು ವರ್ಷಗಳಿಂದ ಅವನಿಗೆ ಬಾದಾಮಿಯ ಬಂಡೆಗಳನ್ನು ಹಗ್ಗ ಕಟ್ಟಿಕೊಂಡು ಏರುವ ಹವ್ಯಾಸವು ಹತ್ತಿರುವದಂತೆ. ಈಗ ಅವನು ಅದಕ್ಕೆಂದೇ ಮಾಡಿದ ಬೂಟು ಬೇಕೆನ್ನುತ್ತಾನೆ. ‘ಅದರ ಬೆಲೆ ಕೇಳಿ ನನ್ನ ಎದೆ ಧಸಕ್ಕೆಂದಿತು. ಒಂದು ಸೀರೆಗೆ ಕೈಗೆ ಹತ್ತುವ ಕೂಲಿ ಎಷ್ಟೆಂಬುದು ತಮಗೆ ತಿಳಿದದ್ದೇ ಇದೆ. ಇದು ಹುಡುಗಾಟವೋ ಅವಶ್ಯಕವೋ? ಅವಶ್ಯಕವಿದ್ದರೆ ಎಂಥದನ್ನು ಕೊಡಿಸಬೇಕು? ಎಲ್ಲಕ್ಕೂ ದುಬಾರಿಯಾದದ್ದೇ ಒಳ್ಳೆಯದೆಂದು ಮಗನು ಹೇಳುತ್ತಾನೆ’ ಎಂಬುದು ಕಾಗದದ ಸಾರಾಂಶ.

ನಾವು ವ್ಯಾಕರಣ ಕಲಿಸಿದವರು, ಬಂಡೆ ಏರಿದವರಲ್ಲ. ‘ಇದು ನಮ್ಮ ವಿಷಯವಲ್ಲ’ ಎಂದು ಒಂದೇ ಸಾಲಿನ ಉತ್ತರ ಬರೆದು ಕೈತೊಳೆದುಕೊಳ್ಳಬೇಕೆಂದೇ ಮೊದಲು ಎಣಿಸಿದ್ದೆವು. ಆದರೆ ತಂದೆಯ ದುಡಿಮೆಯ ಹಣ, ಮಗನ ಮೈ, ಇವೆರಡೂ ಕೂಡಿರುವ ಪ್ರಶ್ನೆಯು ಈ ಪುಟಗಳಿಗೆ ಹೊರತಾದುದಲ್ಲ. ಆದುದರಿಂದ ಒಂದು ರವಿವಾರ ಆ ಗೃಹಸ್ಥರನ್ನೂ ಬಾದಾಮಿಗೆ ಬರಹೇಳಿ, ನಾವು ಬಾಗಲಕೋಟೆಯಿಂದ ಮುಂಜಾನೆಯ ಗಾಡಿ ಹತ್ತಿದೆವು. ಅವರು ಹುನಗುಂದದ ಮೇಲಿಂದ ಬಸ್ಸಿನಲ್ಲಿ ಬಂದರು. ಅಲ್ಲಿ ಕಂಡುದನ್ನೂ, ಬಹುಕಾಲ ಬಂಡೆ ಏರಿ ನುರಿತವರನ್ನು ಕೇಳಿ ತಿಳಿದುದನ್ನೂ, ಆಮೇಲೆ ಓದಿಕೊಂಡುದನ್ನೂ ವಾಚಕರ ಮುಂದಿಡುವೆವು. ಇಂಥ ಮಕ್ಕಳು ಈಗ ಇಳಕಲ್ಲಿನಲ್ಲಿ ಮಾತ್ರವೇ ಇಲ್ಲ. ಟೋಕಿಯೋದ ಒಲಿಂಪಿಕ್ಸು ೨೦೨೧ರಲ್ಲಿ ನಡೆದಾಗಿನಿಂದ ಏರುವ ಆಟವು ಅಲ್ಲಿಯ ಪಂದ್ಯಗಳಲ್ಲೊಂದಾಗಿರುತ್ತದೆ. ನಾಳೆ ನಿಮ್ಮ ಮನೆಯಲ್ಲಿಯೂ ಈ ಪ್ರಶ್ನೆಯು ಏಳಬಹುದು.

ಬಾದಾಮಿಯ ಬಂಡೆಗಳ ಪರಿಚಯವನ್ನು ನಮ್ಮ ವಾಚಕರಿಗೆ ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅಗಸ್ತ್ಯತೀರ್ಥದ ಬದಿಗೆ ನಿಂತಿರುವ ಆ ಕೆಂಪು ಗೋಡೆಗಳನ್ನು ನೋಡದವರು ಈ ಸೀಮೆಯಲ್ಲಿ ವಿರಳ. ಶಕ ೪೬೫ರಲ್ಲಿ, ಎಂದರೆ ಕ್ರಿ. ಶ. ೫೪೩ರಲ್ಲಿ, ಮೊದಲನೆಯ ಪುಲಕೇಶಿಯು ಇಲ್ಲಿ ದುರ್ಗವನ್ನು ಮಾಡಿಸಿದ ಸಂಗತಿಯು ಬಂಡೆಯ ಮೇಲೆಯೇ ಕೊರೆಯಲ್ಪಟ್ಟಿದೆ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಯೆನಿಸಿದ ಕಪ್ಪೆ ಅರಭಟ್ಟನ ಶಾಸನವೂ ಇಲ್ಲಿಯ ಬಂಡೆಯ ಮೇಲೆಯೇ ಉಂಟು. ಈ ಕಲ್ಲನ್ನು ಪೂರ್ವಿಕರು ಕೊರೆದರು, ಬರೆದರು. ಈಗಿನ ತರುಣರು ಕೆಲವು ದಶಕಗಳಿಂದ ಏರುತ್ತಿದ್ದಾರೆ. ಏರುವ ದಾರಿಗಳಲ್ಲಿ ಅಲ್ಲಲ್ಲಿ ಉಕ್ಕಿನ ಬೋಲ್ಟುಗಳನ್ನು ಬಂಡೆಗೆ ಕೂಡಿಸಿದ್ದಾರೆ. ಏರುವವನು ಒಂದೊಂದಕ್ಕೆ ಹಗ್ಗವನ್ನು ಸಿಕ್ಕಿಸುತ್ತ ಮೇಲಕ್ಕೆ ಹೋಗುವನು. ಕೆಳಗೆ ಜತೆಗಾರನು ಆ ಹಗ್ಗವನ್ನು ಹಿಡಿದಿರುವನು. ದಾರಿಗಳ ಕಾಠಿಣ್ಯಕ್ಕೆ ತಕ್ಕಂತೆ ೫, ೬ಎ, ೬ಬಿ ಎಂದು ಶ್ರೇಣಿಗಳುಂಟು. ೮ಬಿ+ ಎಂಬ ಉಚ್ಚ ಶ್ರೇಣಿಯ ‘ಗಣೇಶ’ವೆಂಬ ದಾರಿಗಾಗಿ ದೇಶಾಂತರದವರೂ ಬಾದಾಮಿಗೆ ಬಂದುದುಂಟು. ನಮ್ಮ ನೇಕಾರರ ಮಗನು ೬ಎ ಶ್ರೇಣಿಯ ದಾರಿಗಳನ್ನು ತಡವರಿಸದೆ ಏರುತ್ತಾನೆ. ಅದರ ಮೇಲಿನವುಗಳಲ್ಲಿ ಜಾರುತ್ತಾನೆ. ಎಂದರೆ ಅವನು ಹೊಸಬನೂ ಅಲ್ಲ, ಪಳಗಿದವನೂ ಅಲ್ಲ, ಮಧ್ಯಮನು. ಈ ಮಾತನ್ನು ವಾಚಕರು ನೆನಪಿಡಬೇಕು. ಎಲ್ಲ ವಿಚಾರವೂ ಇದರ ಮೇಲೆಯೇ ನಿಂತಿದೆ.

ಹುಡುಗನು ಏರುವದನ್ನು ಕಂಡು ತಂದೆಯು ಮೊದಲು ಉಸಿರು ಬಿಗಿಹಿಡಿದು ನಿಂತರು. ಆಮೇಲೆ ನಮ್ಮ ಕಡೆ ಹೊರಳಿ, ‘ಮಾಸ್ತರ್ರೀ, ಈ ಗವಿ ಕೊರದವ್ರು ಏನು ಬೂಟು ಹಾಕ್ಕೊಂಡಿದ್ರೇನ್ರೀ?’ ಎಂದು ಕೇಳಿದರು. ಪ್ರಶ್ನೆಯು ಯುಕ್ತವಾದುದೇ. ಆದರೆ ಗುಹೆಗಳನ್ನು ಕೊರೆದವರು ಕಾಲಿಡುವದಕ್ಕೆ ಕಲ್ಲನ್ನೇ ಕಡಿದು ಸ್ಥಳ ಮಾಡಿಕೊಂಡರು. ಈ ಹುಡುಗರ ಆಟದ ನಿಯಮವು ಅದಕ್ಕೆ ವಿರುದ್ಧವಾದುದು; ಕಲ್ಲು ಹೇಗಿದೆಯೋ ಹಾಗೆಯೇ ಅದನ್ನು ಏರಬೇಕು. ಎರಡು ಬೆರಳಿನಷ್ಟು ಅಗಲದ ಅಂಚಿನ ಮೇಲೆ, ಕೆಲವೆಡೆ ಒಂದು ರೂಪಾಯಿಯ ನಾಣ್ಯದಷ್ಟು ದಪ್ಪದ ಅಂಚಿನ ಮೇಲೆ, ಮೈಭಾರವನ್ನೆಲ್ಲ ಹೆಬ್ಬೆರಳಿನ ತುದಿಯಿಂದ ಹೊರಬೇಕು. ಅದು ಬರಿಗಾಲಿನಿಂದಾಗಲಿ, ನಮ್ಮ ಹಿರಿಯರು ಕಾಲ್ಮರಿ ಎನ್ನುತ್ತಿದ್ದ ಸಾದಾ ಜೋಡಿನಿಂದಾಗಲಿ ಬಹುಕಾಲ ಸಾಗುವದಿಲ್ಲ. ಎಂತಲೇ ಮೊದಲನೆಯ ಪ್ರಶ್ನೆಗೆ ನಮ್ಮ ಉತ್ತರ: ಇದು ಹುಡುಗಾಟವಲ್ಲ. ಎರಡು ವರ್ಷ ಬಿಡದೆ ಏರಿದವನಿಗೆ ಇದು ನೇಕಾರನಿಗೆ ಲಾಳಿಯಿದ್ದಂತೆ, ಸಾಧನವು.

ಈ ಸಾಧನವು ಬೆಳೆದುಬಂದ ಬಗೆಯನ್ನು ಎರಡು ಮಾತಿನಲ್ಲಿ ಹೇಳುವೆವು. ಮೊದಲು ಬೆಟ್ಟ ಏರುವವರು ಮೊಳೆ ಬಡಿದ ಚರ್ಮದ ಬೂಟುಗಳನ್ನು ಮೆಡುತ್ತಿದ್ದರು. ೧೯೩೫ರಲ್ಲಿ ಇಟಲಿಯ ಪರ್ವತವೊಂದರಲ್ಲಿ ಆರು ಜನರು ಸತ್ತರು. ಅವರ ಸಂಗಡಿಗನಾದ ವಿಟಾಲೆ ಬ್ರಮಾನಿಯೆಂಬವನು ಆ ದುಃಖದಿಂದ ಪ್ರೇರಿತನಾಗಿ ೧೯೩೭ರಲ್ಲಿ ರಬ್ಬರಿನ ಅಟ್ಟೆಯನ್ನು ಹೊರತಂದನು. ‘ವಿಬ್ರಮ್’ ಎಂಬ ಹೆಸರು ಅವನದೇ ಹೆಸರಿನ ಸಂಕ್ಷೇಪ. ಅದೇ ದಶಕದಲ್ಲಿ ಫ್ರಾನ್ಸಿನ ಪಿಯೇರ್ ಅಲೇನ್ ಎಂಬವನು ಪ್ಯಾರಿಸಿನ ಹತ್ತಿರದ ಫಾಂಟೆನ್‌ಬ್ಲೋ ಅಡವಿಯ ಬಂಡೆಗಳಿಗಾಗಿ, ಗೆರೆಗಳಿಲ್ಲದ ನುಣುಪು ರಬ್ಬರಿನ ಹಗುರಾದ ಬೂಟನ್ನು ರೂಪಿಸಿದನು. ಆ ಬಂಡೆಗಳೂ ಬಾದಾಮಿಯವುಗಳಂತೆ ಮರಳುಗಲ್ಲೇ ಎಂಬುದು ನಮಗೆ ಸಂತೋಷ ಕೊಟ್ಟ ಸಂಗತಿ. ೧೯೮೦ರ ದಶಕದ ಆರಂಭದಲ್ಲಿ ಸ್ಪೇನಿನ ಬೋರಿಯಲ್ ಎಂಬ ಸಂಸ್ಥೆಯವರು ಅಂಟುಗುಣ ಹೆಚ್ಚಾದ ರಬ್ಬರನ್ನು ತಂದರು. ಈಗಿನ ಎಲ್ಲ ಬೂಟುಗಳೂ ಈ ಸಂತತಿಯವೇ. ಅಟ್ಟೆಗೆ ಗೆರೆಗಳೇಕಿಲ್ಲವೆಂದು ನಾವು ಕೇಳಲು, ರಬ್ಬರು ಭಾರಕ್ಕೆ ಮೆದುವಾಗಿ ಕಲ್ಲಿನ ಒರಟಿನೊಳಕ್ಕೆ ತಾನೇ ಇಳಿದು ಹಿಡಿಯುವದೆಂದೂ, ತಾಗುವ ಭಾಗವು ಹೆಚ್ಚಿದಷ್ಟೂ ಒಳ್ಳೆಯದೆಂದೂ ತಿಳಿಯಿತು. ಬಿಸಿಲಿಗೆ ಅದು ಅತಿಯಾಗಿ ಮೆತ್ತಗಾಗುವದು. ಚಳಿಗಾಲದ ನೆರಳಿನಲ್ಲಿ ಏರುವವರು ಹೆಚ್ಚಾಗಿರುವದಕ್ಕೆ ಇದೂ ಒಂದು ಕಾರಣ.

ಇನ್ನು ಆಯ್ಕೆಯ ವಿಷಯ. ಅಂಗಡಿಯಲ್ಲಿ ನೂರು ಬಗೆ ಕಂಡರೂ ಆಕಾರದಿಂದ ನೋಡಿದರೆ ಮೂರೇ ಜಾತಿ. ಮೊದಲನೆಯದು ಚಪ್ಪಟೆಯದು: ಅಂಗಾಲು ನೆಲಕ್ಕೆ ಸಮವಾಗಿ ಕೂಡುವದು, ಬೆರಳುಗಳು ಹೆಚ್ಚುಕಡಿಮೆ ನೆಟ್ಟಗಿರುವವು. ಇದು ಹಿತವಾದುದು, ಹೊಸಬರಿಗೂ, ಇಡೀ ದಿನ ಏರುವವರಿಗೂ ತಕ್ಕುದು. ಎರಡನೆಯದರಲ್ಲಿ ತುದಿಯು ತುಸು ಕೆಳಕ್ಕೆ ಬಾಗಿರುವದು. ಬೆರಳುಗಳು ಸ್ವಲ್ಪ ಮಡಿಚಿ ಹೆಬ್ಬೆರಳಿಗೆ ಬಲ ಬರುವದು. ಮೂರನೆಯದು ಗಿಳಿಯ ಕೊಕ್ಕಿನಂತೆ ಪೂರ್ತಿ ಕೆಳಕ್ಕೆ ಬಾಗಿದುದು. ತಲೆಯ ಮೇಲೆ ಚಾಚಿದ ಛಾವಣಿಯಂಥ ಬಂಡೆಯಲ್ಲಿ ಕಾಲಿನಿಂದ ಕಲ್ಲನ್ನು ಸೆಳೆದು ಹಿಡಿಯುವದಕ್ಕೆ ಮಾಡಿದುದದು. ಕಾಲನ್ನು ಬಿಲ್ಲಿನಂತೆ ಬಿಗಿದಿಡುವದು. ನಿಪುಣರು ಅದನ್ನು ಒಂದು ಏರಿಕೆಗೆ ಹಾಕಿ, ಇಳಿದೊಡನೆ ಕಳೆದು ಬಿಸುಡುತ್ತಾರೆ.

ನಮ್ಮ ಹುಡುಗನ ಕಾಲಲ್ಲಿ ಇದ್ದುದು ಈ ಮೂರನೆಯ ಜಾತಿಯದು. ಬಂಡೆ ಏರಲು ಬಂದಿದ್ದ ಪರಸ್ಥಳದವರಾರೋ ಹೋಗುವಾಗ ಮಾರಿದ ಹಳೆಯ ಜೋಡು. ‘ದೊಡ್ಡ ದೊಡ್ಡವರು ಇದನ್ನ ಹಾಕತಾರ್ರೀ ಸರ’ ಎಂದು ಅವನು ಹೆಮ್ಮೆಯಿಂದಲೇ ಹೇಳಿದನು. ಆದರೆ ಇಳಿದು ಬಂದು ಅದನ್ನು ಕಳೆಯುವಾಗ ಅವನು ನಮ್ಮ ಕಡೆಗೆ ಬೆನ್ನು ಮಾಡಿ ಕುಳಿತನು. ತಂದೆಯ ಕಣ್ಣಿಗೆ ಅದು ತಪ್ಪಲಿಲ್ಲ. ಹತ್ತಿರ ಹೋಗಿ ಕಾಲು ನೋಡಿದರೆ, ಎರಡೂ ಹೆಬ್ಬೆರಳುಗಳ ಉಗುರು ಕಪ್ಪಾಗಿ ರಕ್ತ ಕಟ್ಟಿತ್ತು. ಒಂದರ ಬುಡವು ಬಾತುಕೊಂಡಿತ್ತು. ‘ಎಂದಿನಿಂದ?’ ಎಂದರೆ, ‘ದೀಪಾವಳಿಯಿಂದ’ ಎಂದನು. ‘ದುಡ್ಡು ಯಾರು ಕೊಟ್ರು?’ ಎಂಬ ಪ್ರಶ್ನೆಗೆ ಬಹಳ ಹೊತ್ತು ಉತ್ತರ ಬರಲಿಲ್ಲ. ಕೊನೆಗೆ, ‘ಅವ್ವ ಕೊಟ್ಟಾಳು’ ಎಂದು ಮೆಲ್ಲಗೆ ನುಡಿದನು. ತಾಯಿಯು ಕುಬಸದ ಅರಿವಿ ಹೊಲಿದು ಕೂಡಿಸಿದ್ದ ಹಣವಂತೆ. ಅದು ವ್ಯರ್ಥವಾಯಿತೆಂದು ಹೇಳುವ ಧೈರ್ಯ ಸಾಲದೆ, ಮಗನು ಮೂರು ತಿಂಗಳು ನೋವು ನುಂಗಿಕೊಂಡು ಏರಿದ್ದನು. ಈಗ ಕೇಳುತ್ತಿದ್ದ ಹೊಸ ಬೂಟೂ ಅದೇ ಜಾತಿಯದೇ, ಇನ್ನೂ ದುಬಾರಿಯದು; ಹೊಸದಾದರೆ ಕಾಲು ನೋಯಲಿಕ್ಕಿಲ್ಲವೆಂದು ಅವನ ಎಣಿಕೆ.

ಅಲ್ಲಿದ್ದ ನುರಿತವರು ಹೇಳಿದ ಮಾತನ್ನು ಎಲ್ಲ ತಂದೆತಾಯಿಗಳೂ ಕೇಳಬೇಕು. ಬಂಡೆಯ ಬೂಟು ಬಿಗಿಯಾಗಿರಬೇಕೆಂಬುದು ನಿಜ, ನೋಯಬೇಕೆಂಬುದು ಸುಳ್ಳು. ಅತಿ ಬಿಗಿಯಾದ ಬೂಟನ್ನು ವರ್ಷಗಟ್ಟಲೆ ಮೆಟ್ಟಿದರೆ ಉಗುರು ಕೆಡುವದಷ್ಟೇ ಅಲ್ಲ. ಹೆಬ್ಬೆರಳಿನ ಕೀಲು ಹೊರಕ್ಕೆ ಉಬ್ಬಿ ಬೆರಳು ಒಳಕ್ಕೆ ವಾಲಬಹುದು. ಬೆಳೆಯುವ ವಯಸ್ಸಿನ ಮಕ್ಕಳಿಗಂತೂ ಅದು ಸರ್ವಥಾ ವರ್ಜ್ಯವು. ಇನ್ನೂ ಒಂದು ಸೂಕ್ಷ್ಮ: ನೋಯುವ ಕಾಲಿನವನು ಕಾಲನ್ನು ನಂಬುವದಿಲ್ಲ. ಭಾರವನ್ನೆಲ್ಲ ಕೈಗೆ ಹಾಕಿ ಬೇಗ ದಣಿಯುತ್ತಾನೆ. ಮಧ್ಯಮನು ಕಲಿಯಬೇಕಾದುದು ಕಾಲಿನ ಕೆಲಸವನ್ನೇ, ಅದೇ ಅವನಿಗೆ ತಪ್ಪಿಹೋಗುತ್ತದೆ.

ಇದನ್ನು ಕೇಳುವಾಗ ನಮಗೆ ನಮ್ಮದೇ ಒಂದು ತಪ್ಪು ನೆನಪಾಗಿ ಮನಸ್ಸು ಕುಂದಿತು. ಸಂಸ್ಕೃತ ವ್ಯಾಕರಣ ಕಲಿಯುವವರು ಮೊದಲು ವರದರಾಜನ ಲಘುಕೌಮುದಿಯನ್ನೂ, ಬಳಿಕ ಭಟ್ಟೋಜಿ ದೀಕ್ಷಿತನ ಸಿದ್ಧಾಂತಕೌಮುದಿಯನ್ನೂ ಓದುವದು ರೂಢಿ. ನಡುವಿನವರಿಗೆಂದು ವರದರಾಜನು ಮಧ್ಯಕೌಮುದಿಯೆಂದು ಇನ್ನೊಂದನ್ನು ಬರೆದಿರುವನು; ಅದನ್ನು ಕೇಳುವವರು ಕಡಿಮೆ. ಲಘುವನ್ನು ಮುಗಿಸಿದ ಒಬ್ಬ ಚುರುಕಾದ ಶಿಷ್ಯನಿಗೆ ನಾವು ಅವನ ಮೇಲಿನ ಅಭಿಮಾನದಿಂದ ಒಮ್ಮೆಲೆ ದೊಡ್ಡ ಗ್ರಂಥವನ್ನೇ ಹಚ್ಚಿದೆವು. ಅವನು ಆರು ತಿಂಗಳು ನಮ್ಮ ಮುಖ ನೋಡಿ ಸಹಿಸಿದನು. ಏಳನೆಯ ತಿಂಗಳು ಬರಲಿಲ್ಲ. ಅವನಿಗೆ ಸಂಸ್ಕೃತವೇ ಬೇಡವಾಯಿತು. ಮಧ್ಯಕೌಮುದಿಯು ನಮ್ಮ ಕಪಾಟಿನಲ್ಲಿಯೇ ಇದ್ದಿತು. ಅದನ್ನು ಕೊಡುವದು ಅವನಿಗೆ ಅವಮಾನವೆಂದು ನಾವು ತಿಳಿದೆವಲ್ಲ, ಅದೇ ನಮ್ಮ ತಪ್ಪು. ಮಧ್ಯಮನೆನಿಸಿಕೊಳ್ಳುವದರಲ್ಲಿ ಕೊರತೆಯಿಲ್ಲ, ಅದು ದಾರಿಯಲ್ಲಿ ನಿಂತ ಸ್ಥಳದ ಹೆಸರು ಮಾತ್ರ.

ಹಿಮದ ನಾಡುಗಳಲ್ಲಿಯೂ ಈ ಪ್ರಶ್ನೆ ಇದ್ದೇ ಇದೆ. ಅಲ್ಲಿಯವರು ಸ್ಕೀ ಎಂಬ ಉದ್ದ ಪಟ್ಟಿಗಳನ್ನು ಕಾಲಿಗೆ ಕಟ್ಟಿ ಇಳಿಜಾರಿನಲ್ಲಿ ಜಾರುವರಷ್ಟೆ. ನಮ್ಮ ದೇಶದಲ್ಲಿ ಗುಲ್ಮಾರ್ಗ, ಔಲಿಗಳಲ್ಲಿಯೂ ಈ ಆಟವುಂಟು. ಗಟ್ಟಿಯಾಗಿ ತುಳಿದ ಹಿಮಕ್ಕೆ ನಡು ಕಿರಿದಾದ ಪಟ್ಟಿ, ಆಳವಾದ ಮೆತ್ತನೆಯ ಹಿಮಕ್ಕೆ ನಡು ಅಗಲವಾದ ಪಟ್ಟಿ. ನಡುಮಟ್ಟದವನು ಎಲ್ಲ ಬೆಟ್ಟಕ್ಕೂ ಒಂದೇ ಜೋಡು ಬೇಕೆಂದರೆ, ನಡುವು ಸುಮಾರು ೮೫ರಿಂದ ೯೫ ಮಿಲಿಮೀಟರಿರುವ, ಅತಿ ಬಿರುಸೂ ಅಲ್ಲದ ಅತಿ ಮೆದುವೂ ಅಲ್ಲದುದನ್ನು ಆರಿಸಿಕೊಳ್ಳಹೇಳುತ್ತಾರೆ. ಪಂದ್ಯದವರ ಪಟ್ಟಿಯನ್ನು ಕಟ್ಟಿಕೊಂಡ ಮಾತ್ರಕ್ಕೆ ಪಂದ್ಯದವನಾಗುವದಿಲ್ಲವೆಂಬ ನ್ಯಾಯವು ಹಿಮಕ್ಕೂ ಬಂಡೆಗೂ ಒಂದೇ.

ಎರಡನೆಯ ವಿಚಾರವು ಕಲ್ಲಿನದು. ಬಾದಾಮಿಯ ಮರಳುಗಲ್ಲು ಪದರಪದರವಾಗಿ ಕೂತು ಗಟ್ಟಿಯಾದುದು. ಎಂತಲೇ ಗೋಡೆಯು ನೆಟ್ಟಗಿದ್ದರೂ ಅದರಲ್ಲಿ ಅಡ್ಡಲಾಗಿ ಸಣ್ಣ ಸಣ್ಣ ಅಂಚುಗಳೂ ಸಂದುಗಳೂ ಸಿಕ್ಕುತ್ತವೆ. ಅಂಚಿನ ಮೇಲೆ ನಿಲ್ಲುವದಕ್ಕೆ ಅಟ್ಟೆಯು ತುಸು ಬಿರುಸಾಗಿದ್ದು ಬಾಗದೆ ಆಧಾರ ಕೊಡಬೇಕು. ಇಳಕಲ್ಲಿನ ಕೆಂಪು ಗ್ರಾನೈಟು ಭೂಗರ್ಭದಲ್ಲಿ ಕರಗಿದುದು ಆರಿ ಹುಟ್ಟಿದ ಕಲ್ಲು. ಅದರಲ್ಲಿ ಈ ಪದರಗಳಿಲ್ಲ. ಹಂಪಿಯ ಗುಂಡುಗಳೂ, ರಾಮನಗರ, ಸಾವನದುರ್ಗಗಳ ಬಂಡೆಗಳೂ ಗ್ರಾನೈಟಿನ ಕುಲದವೇ. ಅಲ್ಲಿಯ ಇಳಿಜಾರುಗಳಲ್ಲಿ ಅಂಚಿಲ್ಲದ ಕಡೆ ಅಂಗಾಲನ್ನೇ ಒತ್ತಿ ಹಚ್ಚಿ ನಿಲ್ಲಬೇಕಾಗುವದು. ಅದಕ್ಕೆ ಮೆದುವಾದ ಅಟ್ಟೆ ಬೇಕು. ಕಲ್ಲಿನ ಹರಳುಗಳು ರಬ್ಬರನ್ನು ಬೇಗ ಸವೆಸುವವು. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿರುವಂಥ ಕೃತಕ ಗೋಡೆಗಳಲ್ಲಿ ಮತ್ತೊಂದು ಬಗೆ. ಒಂದೊಂದಕ್ಕೆ ಒಂದೊಂದು ಜೋಡು ಕೊಳ್ಳುವದು ಧನಿಕರ ಮಾತು. ನಮ್ಮ ಹುಡುಗನು ಹತ್ತು ಸಲಕ್ಕೆ ಎಂಟು ಸಲ ಬಾದಾಮಿಯಲ್ಲಿಯೇ ಏರುವವನು. ರಜೆಯಲ್ಲಿ ಹಂಪಿಗೆ ಹೋಗುವನು. ಅಂಥವನಿಗೆ ಎರಡನೆಯ ಜಾತಿಯ, ಇಲ್ಲವೆ ಅದಕ್ಕೂ ತುಸು ಚಪ್ಪಟೆಯಾದ, ಮಧ್ಯಮ ಬಿರುಸಿನ ಒಂದೇ ಜೋಡು ಎಲ್ಲಕ್ಕೂ ಸಾಲುವದು.

ಇಷ್ಟು ಹೇಳುವಷ್ಟರಲ್ಲಿ ತಂದೆಯು ಆ ಬಾಗಿದ ಬೂಟನ್ನು ಕೈಯಲ್ಲಿ ಹಿಡಿದು, ಹೊಲಿಗೆಯನ್ನೂ ಎಳೆತವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು. ‘ಮಾಸ್ತರ್ರೀ, ಹಾಸು ಬಾಳ ಬಿಗಿ ಆದ್ರ ಎಳಿ ಹರೀತೈತ್ರೀ. ಸಡ್ಲಾದ್ರ ಅರಿವಿ ಜಾಳಾಗತೈತಿ. ಇದೂ ಹಂಗ ಏನ್ರೀ?’ ಎಂದರು. ಅಲ್ಲಿದ್ದವರಲ್ಲಿ ಯಾರೂ ಇದಕ್ಕಿಂತ ಚೆನ್ನಾಗಿ ಹೇಳಿರಲಿಲ್ಲ. ಮಗನು ತಲೆಯೆತ್ತಿ ತಂದೆಯ ಮುಖವನ್ನು ನೋಡಿದನು. ತನ್ನ ಆಟದ ಮಾತು ತಂದೆಗೆ ತಿಳಿಯಲಾರದೆಂದು ಅವನು ಎರಡು ವರ್ಷ ಭಾವಿಸಿದ್ದನು. ತಂದೆಗೆ ಅದು ಮಗ್ಗದ ಕುಣಿಯಲ್ಲಿಯೇ ತಿಳಿದಿದ್ದಿತು.

ಈಗ ಕೊಳ್ಳುವ ಕ್ರಮವನ್ನು ಹೇಳುವೆವು. ಬೂಟನ್ನು ಸಂಜೆಯ ಹೊತ್ತು ಹಾಕಿ ನೋಡಬೇಕು. ದಿನವಿಡೀ ನಡೆದ ಕಾಲು ತುಸು ಊದಿರುವದು, ನಮ್ಮ ಸೀಮೆಯ ಬಿಸಿಲಿಗಂತೂ ಹೆಚ್ಚಾಗಿಯೇ ಊದುವದು. ಕಾಲುಚೀಲವಿಲ್ಲದೆ ಎರಡೂ ಕಾಲಿಗೆ ಹಾಕಬೇಕು; ಬಹು ಜನರಿಗೆ ಎರಡು ಕಾಲು ಒಂದೇ ಅಳತೆಯವಲ್ಲ. ಅಳತೆಯ ಅಂಕಿಯನ್ನು ನಂಬಬಾರದು. ಒಬ್ಬರ ೪೧ ಇನ್ನೊಬ್ಬರ ೪೧ ಆಗುವದಿಲ್ಲ. ಕಾಲಿನ ಆಕಾರವನ್ನೂ ನೋಡಿಕೊಳ್ಳಬೇಕು. ಕೆಲವರಿಗೆ ಹೆಬ್ಬೆರಳು ಉದ್ದ, ಕೆಲವರಿಗೆ ಎರಡನೆಯ ಬೆರಳು ಉದ್ದ, ಕೆಲವರ ಮುಂಗಾಲು ಅಗಲ. ಬೂಟಿನ ತುದಿಯು ಅದಕ್ಕೆ ಹೊಂದದಿದ್ದರೆ ಎಷ್ಟು ಕೀರ್ತಿಯ ಬೂಟಾದರೂ ಬಿಡಬೇಕು. ಹಾಕಿದ ಮೇಲೆ ಬೆರಳುಗಳೆಲ್ಲ ತುದಿಯನ್ನು ಮುಟ್ಟಬೇಕು, ತುಸು ಮಡಿಚಿರಬಹುದು; ಆದರೆ ಒಂದರ ಮೇಲೊಂದು ಏರಬಾರದು, ಚುಚ್ಚಬಾರದು. ಹಿಮ್ಮಡಿಯ ಹಿಂದೆ ಪೊಳ್ಳು ಇರಬಾರದು. ಬಳಿಕ ಮೆಟ್ಟಿಲಿನ ಅಂಚಿನ ಮೇಲೆ ಹೆಬ್ಬೆರಳಿನ ತುದಿಯಿಂದಷ್ಟೇ ನಿಲ್ಲಬೇಕು. ಕಾಲು ಒಳಗೆ ಜಾರದಿದ್ದರೆ, ಹಿಮ್ಮಡಿ ಕಿತ್ತುಬರದಿದ್ದರೆ, ಕೆಲವು ನಿಮಿಷ ಹಲ್ಲುಕಚ್ಚದೆ ನಿಲ್ಲಲಾದರೆ, ಅದು ನಿಮ್ಮ ಬೂಟು.

ಚರ್ಮದ ಬೂಟು, ಅದರಲ್ಲಿಯೂ ಒಳಪದರವಿಲ್ಲದುದು, ಬಳಕೆಯಿಂದ ಅರ್ಧದಿಂದ ಒಂದು ಅಳತೆಯಷ್ಟು ಹಿಗ್ಗಬಹುದು. ಕೃತಕ ವಸ್ತುವಿನದು ಹೆಚ್ಚು ಹಿಗ್ಗುವದಿಲ್ಲ. ಆದುದರಿಂದ ‘ಬಿಗಿಯಿದ್ದರೂ ಆಮೇಲೆ ಸಡಿಲಾಗುವದು’ ಎಂಬ ಮಾತು ಕೃತಕ ವಸ್ತುವಿಗೆ ಸಲ್ಲದು. ಲೇಸಿನ ಬೂಟನ್ನು ಕಾಲಿಗೆ ತಕ್ಕಂತೆ ಅಲ್ಲಲ್ಲಿ ಬಿಗಿದು ಸಡಿಲಿಸಬಹುದು, ಆದರೆ ಹಾಕಿ ಕಳೆಯಲು ಹೊತ್ತು ಹಿಡಿಯುವದು. ವೆಲ್ಕ್ರೋ ಪಟ್ಟಿಯದನ್ನು ಪ್ರತಿ ಏರಿಕೆಯ ನಂತರ ಥಟ್ಟನೆ ಕಳೆಯಬಹುದು; ಬಾದಾಮಿಯಂಥ ಸ್ಥಳಕ್ಕೆ ಇದು ಅನುಕೂಲ. ರಬ್ಬರಿನ ದಪ್ಪ ಸಾಮಾನ್ಯವಾಗಿ ನಾಲ್ಕು ಮಿಲಿಮೀಟರಿನ ಆಸುಪಾಸು. ಮೂರೂವರೆಯದಕ್ಕೆ ಕಲ್ಲಿನ ಸ್ಪರ್ಶ ಚೆನ್ನಾಗಿ ತಿಳಿಯುವದು, ಆದರೆ ಬೇಗ ಸವೆಯುವದು. ಕಾಲಿಡುವದರಲ್ಲಿ ಇನ್ನೂ ಹದ ಬಾರದ ಮಧ್ಯಮನಿಗೆ ನಾಲ್ಕಕ್ಕೆ ಕಡಿಮೆಯಾಗದುದೇ ಲೇಸು.

ಬೆಲೆಯ ಮಾತು. ಕೆಲವು ಸಾವಿರ ರೂಪಾಯಿಗಳಿಂದ ಹತ್ತು ಸಾವಿರವನ್ನು ಮೀರಿದವುಗಳವರೆಗೆ ಈ ಬೂಟುಗಳುಂಟು. ಹೆಚ್ಚಿನ ಬೆಲೆಯು ಬಹುಮಟ್ಟಿಗೆ ನಿಪುಣರಿಗೆ ಬೇಕಾದ ವಿಶೇಷಗಳಿಗೆ ಸಲ್ಲುವದು. ಮಧ್ಯಮನು ಅದನ್ನು ಕೊಟ್ಟು ತನಗೆ ಉಪಯೋಗವಾಗದುದನ್ನು ಕೊಳ್ಳುತ್ತಾನೆ. ಡೆಕಥ್ಲಾನ್ ಮುಂತಾದ ದೊಡ್ಡ ಅಂಗಡಿಗಳಲ್ಲಿ ಹಾಕಿ ನೋಡಿ ಕೊಳ್ಳುವ ಅವಕಾಶವುಂಟು. ಚಿತ್ರ ನೋಡಿ ತರಿಸುವದಕ್ಕಿಂತ ಒಂದು ದಿನದ ಪ್ರಯಾಣವೇ ಅಗ್ಗ. ಅದಕ್ಕೂ ಮೊದಲು, ಗೆಳೆಯರ ಬೂಟುಗಳನ್ನು ಕಡ ಪಡೆದು ಒಂದೆರಡು ಏರಿಕೆ ಮಾಡಿ ನೋಡುವದು ಇನ್ನೂ ಉತ್ತಮ.

ಇಲ್ಲೊಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಬೂಟು ಏರಿಸುತ್ತದೆ, ಕಾಯುವದಿಲ್ಲ. ಜೀವವನ್ನು ಕಾಯುವವು ಹಗ್ಗ, ನಡುವಿಗೆ ಕಟ್ಟುವ ಹಾರ್ನೆಸ್ಸು, ತಲೆಯ ಹೆಲ್ಮೆಟ್ಟು, ಮತ್ತು ಕೆಳಗೆ ಹಗ್ಗ ಹಿಡಿದವನ ಲಕ್ಷ್ಯ. ಮನೆಯ ಹಣವು ಮೊದಲು ಇವುಗಳಿಗೆ ಸಲ್ಲಬೇಕು. ಇವುಗಳ ಮೇಲೆ ಯುರೋಪಿನ ಸಿ.ಇ. ಮುದ್ರೆಯನ್ನೋ, ೧೯೩೨ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಪರ್ವತಾರೋಹಣ ಸಂಘಗಳ ಒಕ್ಕೂಟದ ಯು.ಐ.ಎ.ಎ. ಮುದ್ರೆಯನ್ನೋ ನೋಡಿ ಕೊಳ್ಳಬೇಕು. ಬೂಟು ಒಬ್ಬರು ಬಳಸಿದುದಾದರೂ, ಕಾಲಿಗೆ ಕೂಡಿದರೆ ಅಡ್ಡಿಯಿಲ್ಲ. ಇತಿಹಾಸ ತಿಳಿಯದ ಹಳೆಯ ಹಗ್ಗವನ್ನಾಗಲಿ ಹಾರ್ನೆಸ್ಸನ್ನಾಗಲಿ ಎಷ್ಟು ಅಗ್ಗವಾದರೂ ಕೊಳ್ಳಬಾರದು. ಹುಡುಗನಿಗೆ ಹೆಲ್ಮೆಟ್ಟು ಇರಲಿಲ್ಲ. ತಂದೆಯು ಇದನ್ನು ಕೇಳಿ, ‘ಮೊದಲ ಅದು, ಆಮ್ಯಾಲ ಬೂಟು’ ಎಂದು ಅಲ್ಲಿಯೇ ತೀರ್ಮಾನಿಸಿದರು. ಮಗನೂ ಎದುರಾಡಲಿಲ್ಲ.

ಕೊಂಡ ಮೇಲೆ ಕಾಪಾಡುವದು ಇನ್ನೊಂದು ಕರ್ತವ್ಯ. ಈ ಬೂಟಿನಿಂದ ನೆಲದ ಮೇಲೆ ತಿರುಗಾಡಬಾರದು. ಬಂಡೆಯ ಬುಡದವರೆಗೆ ಚಪ್ಪಲಿಯಿಂದಲೇ ಹೋಗಬೇಕು. ಬಾದಾಮಿಯ ಸಣ್ಣ ಮರಳು ಅಟ್ಟೆಗೆ ಹತ್ತಿದರೆ ರಬ್ಬರು ಹಿಡಿಯುವದಿಲ್ಲ, ಕಲ್ಲೂ ತಿಕ್ಕಿ ನುಣುಪಾಗುವದು. ಪ್ರತಿ ಸಲ ಹಸಿ ಬಟ್ಟೆಯಿಂದ ಒರೆಸಿ ಏರಬೇಕು. ಕಳೆದ ಬೂಟನ್ನು ಬಿಸಿಲಿಗಿಡದೆ ನೆರಳಿನಲ್ಲಿ ಗಾಳಿಗೆ ಆರಿಸಬೇಕು. ತುದಿಯ ರಬ್ಬರು ಸವೆದು ತೂತು ಬೀಳುವದಕ್ಕಿಂತ ಮೊದಲೇ ಹೊಸ ಅಟ್ಟೆ ಹಾಕಿಸಿದರೆ ಅದೇ ಬೂಟು ಮತ್ತೆ ಬಾಳುವದು. ತೂತು ಬಿದ್ದ ಮೇಲೆ ಕೆಲಸವೂ ಖರ್ಚೂ ಹೆಚ್ಚು. ಮಳೆ ಬಂದು ನಿಂತ ಮೇಲೆ ಮರಳುಗಲ್ಲು ಪೂರ್ತಿ ಆರುವ ತನಕ ಏರಬಾರದು. ನೀರು ಕುಡಿದ ಆ ಕಲ್ಲು ಬಲಗುಂದಿ ಅಂಚು ಮುರಿಯುವದು. ಮುರಿದ ಅಂಚು ಮರಳಿ ಹುಟ್ಟುವದಿಲ್ಲ. ಗುಹೆ, ಗುಡಿ, ಶಾಸನಗಳಿರುವ ಬಂಡೆಗಳನ್ನಂತೂ ಮುಟ್ಟಲೇಬಾರದೆಂಬುದನ್ನು ಬೇರೆ ಹೇಳಬೇಕೆ? ಹದಿಮೂರು ಹದಿನಾಲ್ಕು ಶತಮಾನ ನಿಂತ ಅಕ್ಷರಗಳನ್ನು ಒಂದು ಬೂಟಿನ ತುದಿಯು ಅಳಿಸಬಲ್ಲದು.

ಸಂಜೆ ನಾವು ಮೂವರೂ ಕೆರೆಯ ಮೆಟ್ಟಿಲ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ಹುಡುಗನು ಬರಿಗಾಲನ್ನು ನೀರಿನಲ್ಲಿ ಇಳಿಬಿಟ್ಟಿದ್ದನು. ತಂದೆಯು ಆ ಕಪ್ಪು ಉಗುರುಗಳನ್ನು ನೋಡುತ್ತ, ಬೈಯಬೇಕೆಂದು ಇಡೀ ದಿನ ಕೂಡಿಟ್ಟಿದ್ದ ಮಾತನ್ನು ಬೈಯದೆಯೇ, ‘ನೋವಾದ್ರ ಹೇಳಬೇಕಪಾ. ನಿಮ್ಮವ್ವಗ ರೊಕ್ಕದ ಚಿಂತಿ ಇಲ್ಲ, ನಿನ್ನ ಕಾಲಿನ ಚಿಂತಿ ಐತಿ’ ಎಂದರು. ಅದಕ್ಕಿಂತ ಹೆಚ್ಚಿನ ಉಪದೇಶವನ್ನು ನಾವು ಈ ಪುಟಗಳಲ್ಲಿ ಮಾಡಲಾರೆವು.

ಮೊನ್ನೆ ಆ ಗೃಹಸ್ಥರ ಎರಡನೆಯ ಕಾಗದ ಬಂದಿತು. ಮೊದಲು ಹೆಲ್ಮೆಟ್ಟು ಬಂದಿತಂತೆ. ಉಗುರು ಮಾಯುವವರೆಗೆ ಮಗನು ಏರುವದನ್ನು ನಿಲ್ಲಿಸಿದನಂತೆ; ಆಮೇಲೆ ತಂದೆ ಮಕ್ಕಳು ಕೂಡಿಯೇ ಹೋಗಿ ನಡುಬೆಲೆಯ, ನಡುಬಾಗಿನ ಒಂದು ಜೋಡನ್ನು ತಂದರಂತೆ. ಮನೆಗೆ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕೆಂದು ಮಗನು ಮಗ್ಗದ ಕುಣಿಯ ಅಂಚಿನ ಮೇಲೆ ಹೆಬ್ಬೆರಳಿನಿಂದ ನಿಂತನು. ತಾಯಿಯು ಒಲೆಯ ಕೆಲಸ ಬಿಟ್ಟು ಬಂದು, ಅವನ ಕಾಲನ್ನು ನೋಡದೆ ಮುಖವನ್ನೇ ನೋಡುತ್ತ ನಿಂತಳು. ‘ಹಲ್ಲು ಕಚ್ಚಲಿಲ್ಲರಿ ಮಾಸ್ತರ್ರೀ’ ಎಂದು ಕಾಗದದ ಕೊನೆಯ ಸಾಲು.